ಚೆನ್ನೈನಲ್ಲಿ ನೆರಳು ಹುಡುಕುತ್ತ

ಬೆಂಗಳೂರಿನವರಿಗೆ ಚೆನ್ನೈ ಎಂದರೆ ಮದುವೆಗೋ ವೀಸಾ ಕೆಲಸಕ್ಕೋ ಹೋಗಿ, ಬೆವರು ಒರೆಸಿಕೊಳ್ಳುತ್ತ ಅದೇ ರಾತ್ರಿ ರೈಲು ಹತ್ತಿ ವಾಪಸಾಗುವ ಊರು. ಕಡಲತೀರ, ರೇಷ್ಮೆ ಸೀರೆ, ದೇವಸ್ಥಾನ ಇಷ್ಟು ಮುಗಿದರೆ ನೋಡುವುದು ಮತ್ತೇನಿದೆ ಎಂದು ಕೇಳುವವರೇ ಹೆಚ್ಚು. ಆ ಊರಿನ ನಡುವೆ ಸುಮಾರು 270 ಹೆಕ್ಟೇರಿನ ರಾಷ್ಟ್ರೀಯ ಉದ್ಯಾನವಿದೆ, ಅಲ್ಲಿ ಕೃಷ್ಣಮೃಗ ಮೇಯುತ್ತದೆ, ನರಿ ಓಡಾಡುತ್ತದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ.

ನಾನೂ ನನ್ನ ಹೆಂಡತಿಯೂ ಕಾರಿನಲ್ಲಿ ಹೊರಟದ್ದು ಜನವರಿಯಲ್ಲಿ, ಚೆನ್ನೈನ ಹಸಿರನ್ನೇ ನೋಡಬೇಕೆಂದು. ಆಕೆ ಸಸ್ಯಶಾಸ್ತ್ರ ಓದಿದವಳು, ನನ್ನ ಕಣ್ಣು ಹಕ್ಕಿಗಳ ಮೇಲೆ. ಹೊಸೂರು, ಕೃಷ್ಣಗಿರಿ, ವೆಲ್ಲೂರು ಮೂಲಕ ಹೋಗುವ ಹೆದ್ದಾರಿ ಸುಮಾರು 350 ಕಿಲೋಮೀಟರ್. ವಾಣಿಯಂಬಾಡಿ ದಾಟಿದ ಮೇಲೆ ಪಾಲಾರ್ ನದಿ ರಸ್ತೆಗೆ ಜೊತೆಯಾಗುತ್ತದೆ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರದ ನೆಲ ದಾಟಿ, ಆಂಧ್ರವನ್ನು ಮುಟ್ಟಿ ತಮಿಳುನಾಡಿಗೆ ಬರುವ ನದಿ ಇದು. ವರ್ಷದ ಬಹುಪಾಲು ಕಾಲ ಸೇತುವೆಯ ಕೆಳಗೆ ಕಾಣುವುದು ಬರೀ ಮರಳು. ಬೆಳಗಿನ ಜಾವ ಹೊರಟವರು ಎಲ್ಲೂ ನಿಲ್ಲದೆ ಓಡಿಸಿದರೆ ಉರಿಬಿಸಿಲಿಗೆ ಸರಿಯಾಗಿ ಚೆನ್ನೈ ಸೇರಿ, ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ವೆಲ್ಲೂರಿನಲ್ಲಿ ಊಟ ಮಾಡಿ, ಕೋಟೆಯ ಕಂದಕ ಮತ್ತು ಒಳಗಿನ ವಿಜಯನಗರ ಕಾಲದ ಜಲಕಂಠೇಶ್ವರ ದೇವಾಲಯ ನೋಡಿಕೊಂಡು, ಸಂಜೆಯ ಹೊತ್ತಿಗೆ ನಗರ ಪ್ರವೇಶಿಸುವುದು ಮೈಗೂ ಮನಸ್ಸಿಗೂ ಹಿತ.

ಬಿಸಿಲ ಊರಿನ ಹಸಿರನ್ನು ನೋಡಲು ಹೊತ್ತು ಗೊತ್ತಿರಬೇಕು. ಚೆನ್ನೈಯಲ್ಲಿ ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ ಒಂದು ಸರದಿ, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಇನ್ನೊಂದು. ನಡುವಿನ ತಾಸುಗಳು ಊಟಕ್ಕೆ, ನಿದ್ದೆಗೆ, ಬೇಕಿದ್ದರೆ ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ. ಮಧ್ಯಾಹ್ನ ಎದ್ದ ಕಡಲಗಾಳಿ ಮೊದಲು ಮುಟ್ಟುವುದು ಬೆಸೆಂಟ್ ನಗರ, ಅಡ್ಯಾರ್ ಕಡೆಯ ಬಡಾವಣೆಗಳನ್ನು. ನೋಡಬೇಕಾದ ಹಸಿರಿನಲ್ಲಿ ಹೆಚ್ಚಿನದೂ ಆ ಸುತ್ತಿನಲ್ಲೇ ಇರುವುದರಿಂದ ಅಲ್ಲೇ ಕೋಣೆ ಹಿಡಿಯುವುದು ಜಾಣತನ. ಕಾರನ್ನು ತಂಗಿದಲ್ಲೇ ಬಿಟ್ಟು ಆಟೋದಲ್ಲಿ, ನಡಿಗೆಯಲ್ಲಿ ತಿರುಗಬಹುದು.

ಮೊದಲೇ ಹೇಳಿದ ರಾಷ್ಟ್ರೀಯ ಉದ್ಯಾನ ಇರುವುದು ಗಿಂಡಿಯಲ್ಲಿ, ಆ ಕಾಡಿನ ಕಥೆ ದೊಡ್ಡದು. 1821ರಲ್ಲಿ ಮದ್ರಾಸ್ ಸರ್ಕಾರ ಖಾಸಗಿಯವರಿಂದ ಕೊಂಡ ತೋಟದ ಬಂಗಲೆ ಗವರ್ನರರ ವಿಹಾರದ ಮನೆಯಾಯಿತು. ಇಂದು ರಾಜ್ಯಪಾಲರ ನಿವಾಸ ಇರುವುದೂ ಅದೇ ಜಾಗದಲ್ಲಿ. 1910ರಲ್ಲಿ ಸುತ್ತಲಿನ ಸುಮಾರು 505 ಹೆಕ್ಟೇರು ಮೀಸಲು ಅರಣ್ಯವಾಯಿತು. ಸ್ವಾತಂತ್ರ್ಯದ ನಂತರ ಐಐಟಿಗೆ ಒಂದು ಭಾಗ ಹೋಯಿತು. ಗಾಂಧಿ, ರಾಜಾಜಿ, ಕಾಮರಾಜರ ಸ್ಮಾರಕಗಳಿಗೆ, ಇತರ ಸಂಸ್ಥೆಗಳಿಗೆ ಒಂದಿಷ್ಟು ಹೋಯಿತು. ಉಳಿದದ್ದನ್ನು 1978ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಗವರ್ನರರ ಬೇಟೆಗೂ ವಿಶ್ರಾಂತಿಗೂ ಬೇಲಿ ಹಾಕಿಟ್ಟ ನೆಲವಾದ್ದರಿಂದಲೇ ಅದು ಬಡಾವಣೆಯಾಗದೆ ಉಳಿಯಿತು. ಅದರ ತುಂಡುಗಳನ್ನು ಪಡೆದವರೆಲ್ಲ ಒಳ್ಳೆಯ ಉದ್ದೇಶಕ್ಕೇ ಪಡೆದರು. ಆದರೂ ಏಳು ದಶಕದೊಳಗೆ ಕಾಡು ಸುಮಾರು ಅರ್ಧಕ್ಕೆ ಇಳಿಯಿತು ಎಂಬುದನ್ನು ಮರೆಯಬಾರದು.

ಇದು ಮಲೆನಾಡಿನ ಕಾಡಿನ ಹಾಗೆ ಎತ್ತರವಲ್ಲ. ಕೋರಮಂಡಲ ಕರಾವಳಿಯುದ್ದಕ್ಕೂ ಒಂದು ಕಾಲದಲ್ಲಿ ಹಬ್ಬಿದ್ದ, ಈಗ ದೇವರಕಾಡುಗಳಲ್ಲಿ ತುಣುಕು ತುಣುಕಾಗಿ ಉಳಿದಿರುವ ಒಣ ನಿತ್ಯಹರಿದ್ವರ್ಣ ಕಾಡು. ಮರಗಳು ಕುಳ್ಳು, ಪೊದೆ ದಟ್ಟ, ನಡುನಡುವೆ ತಾಳೆ, ಬೇಲ, ಬೇವು. "ಈ ಎಲೆ ಮುಟ್ಟಿ ನೋಡ್ರೀ, ತೊಗಲಿನ ಹಾಗಿದೆ. ತಿಂಗಳುಗಟ್ಟಲೆ ಮಳೆಯಿಲ್ಲದೆ ಹಸಿರಾಗಿರಬೇಕಲ್ಲ, ಅದಕ್ಕೇ" ಎಂದು ಆಕೆ ಹೇಳಿದಾಗಲೇ ಆ ಕಾಡಿನ ಜಾಣ್ಮೆ ನನಗೆ ಹೊಳೆದದ್ದು. ಈಶಾನ್ಯ ಮಾರುತ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸುರಿಸುವುದನ್ನೇ ಮುಖ್ಯವಾಗಿ ನಂಬಿ ವರ್ಷವಿಡೀ ಬದುಕುವ ಮರಗಳವು.

ಉದ್ಯಾನದ ಒಳಕಾಡಿಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ, ಇರಲೂಬಾರದು. ಸಾರ್ವಜನಿಕರಿಗೆ ತೆರೆದಿರುವುದು ಅಂಚಿನ ಮಕ್ಕಳ ಉದ್ಯಾನ ಮತ್ತು ಪಕ್ಕದ ಹಾವಿನ ಉದ್ಯಾನ. ಹಾವಿನ ಉದ್ಯಾನ ಉರಗತಜ್ಞ ರೋಮುಲಸ್ ವಿಟೇಕರ್ 1972ರಲ್ಲಿ ಕಟ್ಟಿದ ಸಂಸ್ಥೆ. ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದವರೂ ಅವರೇ. ಗಾಂಧಿ ಮಂಟಪದ ಆವರಣದಲ್ಲಿ ಜಿಂಕೆಗಳು ಜನರ ಪಕ್ಕದಲ್ಲೇ ಮೇಯುವುದುಂಟು. ಕೃಷ್ಣಮೃಗಕ್ಕೆ ಬೇಕಾದುದು ಬಯಲು, ಹುಲ್ಲು. ರಾಣೆಬೆನ್ನೂರಿನ ಅಭಯಾರಣ್ಯ ನೋಡಿದವರಿಗೆ ಇದು ಗೊತ್ತು. ಗಿಂಡಿಯಲ್ಲಿ ಆ ಬಯಲನ್ನು ಪೊದೆಗಳೂ ಬಳ್ಳಾರಿ ಜಾಲಿಯೂ ನುಂಗುತ್ತಿವೆ, ಜಿಂಕೆಗಳ ಸಂಖ್ಯೆಯೂ ಪೈಪೋಟಿ ಒಡ್ಡುತ್ತಿದೆ. ಬೇಲಿ ಹಾಕಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ, ಆರೈಕೆಯೂ ಬೇಕು.

ಅಡ್ಯಾರ್ ನದಿ ಕಡಲು ಸೇರುವಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆವರಣವಿದೆ. 1882ರಲ್ಲಿ ಸೊಸೈಟಿಯ ಸ್ಥಾಪಕರಾದ ಮೇಡಂ ಬ್ಲಾವಟ್‌ಸ್ಕಿ ಮತ್ತು ಕರ್ನಲ್ ಆಲ್ಕಾಟ್ ಕೊಂಡ ತೋಟ ಬೆಳೆಯುತ್ತ 260 ಎಕರೆಯ ಹತ್ತಿರ ಬಂದಿದೆ. ಅಲ್ಲಿನ ಆಲದ ಮರಕ್ಕೆ ಸುಮಾರು 450 ವರ್ಷ ಎನ್ನುತ್ತಾರೆ. ಅದರ ತಾಯಿಕಾಂಡ 1989ರ ಬಿರುಗಾಳಿಗೆ ಉರುಳಿತು. ಬಿಳಲುಗಳು ಮಾತ್ರ ನೆಲಕ್ಕಿಳಿದು ತಾವೇ ಕಾಂಡಗಳಾಗಿ ನಿಂತಿದ್ದರಿಂದ ಮರ ಉಳಿದುಕೊಂಡಿದೆ. ನಡುವಿನ ಖಾಲಿ ಜಾಗವನ್ನೂ ಸುತ್ತಲಿನ ಬಿಳಲುಗಳನ್ನೂ ನೋಡುತ್ತ ನನ್ನ ಹೆಂಡತಿ ಬಹಳ ಹೊತ್ತು ನಿಂತಿದ್ದಳು. ನಾನು ನದೀಮುಖದ ಕಡೆ ಹೋದೆ, ಬೆಳ್ಳಕ್ಕಿಗಳು ಬರುವ ಹೊತ್ತಾಗಿತ್ತು. ಗಂಡಹೆಂಡತಿ ಜೊತೆಗೇ ಪ್ರಯಾಣ ಮಾಡಿದರೂ ತೋಟದೊಳಗೆ ಜೊತೆಗೇ ನಡೆಯಬೇಕಿಲ್ಲ ಎಂಬುದು ಈ ಪ್ರವಾಸ ಕಲಿಸಿದ ದೊಡ್ಡ ಪಾಠ. ಒಬ್ಬರು ಮರದ ಬುಡದಲ್ಲಿ ಕೂರಲಿ, ಇನ್ನೊಬ್ಬರು ಅಲೆಯಲಿ. ಗೇಟಿನ ಬಳಿ ಸೇರುವ ಹೊತ್ತೊಂದನ್ನು ಮೊದಲೇ ಹೇಳಿಕೊಂಡರೆ ಸಾಕು. ಅವಸರಪಡಿಸುವವರಿಲ್ಲದಾಗ ಕಾಣುವುದೇ ಬೇರೆ, ರಾತ್ರಿ ಊಟಕ್ಕೆ ಕೂತಾಗ ಒಬ್ಬರಿಗೊಬ್ಬರು ಹೇಳಲು ಮಾತೂ ಇರುತ್ತದೆ.

ಕ್ಯಾಥೆಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ ಇವೆಲ್ಲಕ್ಕಿಂತ ಹೊಸದು. 2010ರಲ್ಲಿ ತೆರೆದ, ಸುಮಾರು 20 ಎಕರೆಯ ಸಸ್ಯೋದ್ಯಾನ. ಕನ್ನಡಿಗರಿಗೆ ಆ ನೆಲದ ಮೇಲೆ ವಿಶೇಷ ಅಭಿಮಾನ ಇರಬೇಕು. ಉಡುಪಿ ಕಡೆಯಿಂದ ಹೋಗಿ ಹೋಟೆಲು ಕಟ್ಟಿದ ಕಡಂದಲೆ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 1962ರಿಂದ 2008ರವರೆಗೆ ನಡೆದದ್ದು ಅಲ್ಲೇ. ಮರಗಳ ಕೆಳಗೆ ಕಾರು ನಿಲ್ಲಿಸಿ ದೋಸೆ, ಕಾಫಿ ತರಿಸಿಕೊಳ್ಳುತ್ತಿದ್ದ ಜಾಗವದು. ಹೋಟೆಲು ಮುಚ್ಚಿದಾಗ ಹಳಬರು ನೊಂದುಕೊಂಡರು. ಅಲ್ಲೊಂದು ಗಾಜಿನ ಗೋಪುರ ಏಳದೆ ತೋಟವಾದದ್ದು ಊರಿನ ಪುಣ್ಯ. ಮೈಲಾಪುರದ ನಾಗೇಶ್ವರ ರಾವ್ ಪಾರ್ಕು ಇದಕ್ಕಿಂತ ಬಹಳ ಚಿಕ್ಕದು, ಅಮೃತಾಂಜನದ ಸ್ಥಾಪಕರ ಹೆಸರಿನದು. ಬೆಳಿಗ್ಗೆ ವಾಯುವಿಹಾರ ಮುಗಿಸಿ ಹತ್ತಿರದಲ್ಲೇ ಫಿಲ್ಟರ್ ಕಾಫಿ ಕುಡಿಯಬಹುದು.

ಚೆನ್ನೈನ ಮರಗಳ ಮಾತು ಬಂದರೆ 2016ರ ಡಿಸೆಂಬರ್ 12 ಬಂದೇ ಬರುತ್ತದೆ. ಅಂದು ವಾರ್ದಾ ಚಂಡಮಾರುತ ಸಾವಿರಾರು ಮರಗಳನ್ನು ಬುಡಮೇಲು ಮಾಡಿತು. ಗುಲ್‌ಮೊಹರ್‌ನಂಥ ಹೊರಗಿನಿಂದ ಬಂದ ಅಲಂಕಾರದ ಮರಗಳು ಹೆಚ್ಚಾಗಿ ಬಿದ್ದವು. ಬೇವು, ಹೊಂಗೆಯಂಥ ನೆಲದ ಮರಗಳು ಹೆಚ್ಚು ತಾಳಿಕೊಂಡವು ಎಂಬುದು ಬಲ್ಲವರ ಅನುಭವ. ಬೇಗ ಬೆಳೆದು ಹೂ ಬಿಡುವ ಮರಗಳನ್ನೇ ರಸ್ತೆಬದಿಗೆ ಆರಿಸುವ ನಮ್ಮ ನಗರಗಳೂ ಇದನ್ನು ಗಮನಿಸಬೇಕು.

ಕೊನೆಗೆ ಪಳ್ಳಿಕರಣೆ. ಇಲ್ಲಿ ತೋಟವಿಲ್ಲ, ಇರುವುದು ಜೌಗು ನೆಲ. ದಕ್ಷಿಣ ಚೆನ್ನೈನ ಹತ್ತಾರು ಕೆರೆಗಳ ಹೆಚ್ಚುವರಿ ನೀರು ಇಲ್ಲಿ ತಂಗಿ, ಒಕ್ಕಿಯಂ ಮಡುವು ಮತ್ತು ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಕಡಲಿಗೆ ಹೋಗುತ್ತದೆ. ಒಂದು ಬದಿಗೆ ಐಟಿ ಕಟ್ಟಡಗಳು, ಇನ್ನೊಂದು ಬದಿಗೆ ಪೆರುಂಗುಡಿಯ ಕಸದ ರಾಶಿ, ನಡುವೆ ಹಾದ ರಸ್ತೆ. ಇಷ್ಟರ ನಡುವೆಯೂ ಚಳಿಗಾಲದಲ್ಲಿ ರಾಜಹಂಸ, ಹೆಜ್ಜಾರ್ಲೆ, ಬಾತುಗಳು ಬರುತ್ತವೆ. 2015ರ ಪ್ರವಾಹದ ಮೇಲೆ ಇಂಥ ತಗ್ಗು ನೆಲದ ಬೆಲೆ ಊರಿಗೆ ಅರಿವಾಯಿತು, 2022ರಲ್ಲಿ ಪಳ್ಳಿಕರಣೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಬೆಳ್ಳಂದೂರು, ವರ್ತೂರು ಕೆರೆಗಳನ್ನು ಕಂಡ ಬೆಂಗಳೂರಿಗರಿಗೆ ಇಲ್ಲಿ ನಿಂತರೆ ಸಂಕಟವೂ ಆಗುತ್ತದೆ, ಆಸೆಯೂ ಹುಟ್ಟುತ್ತದೆ.

ಹೋಗುವುದಿದ್ದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಹೋಗಿ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಬೇಡ. ಗಿಂಡಿಗೆ ಮಂಗಳವಾರ ರಜೆ. ಥಿಯೊಸಾಫಿಕಲ್ ಸೊಸೈಟಿ ದಿನದ ಕೆಲವೇ ತಾಸು ತೆರೆದಿರುತ್ತದೆ, ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಹತ್ತಿಬಟ್ಟೆ, ಟೋಪಿ, ಮನೆಯ ಬಾಟಲಿಯಲ್ಲಿ ನೀರು ಇರಲಿ. ಜಿಂಕೆಗಳಿಗೆ ಏನನ್ನೂ ತಿನ್ನಿಸಬೇಡಿ, ಪ್ಲಾಸ್ಟಿಕ್ ಚೀಲವನ್ನಂತೂ ಬಿಟ್ಟು ಬರಲೇಬೇಡಿ. ಅದನ್ನು ನುಂಗಿ ಆ ಊರಿನಲ್ಲಿ ಜಿಂಕೆಗಳು ಸತ್ತದ್ದುಂಟು.