ಗೇಟಿನ ಹತ್ತಿರ ಯಾರಿರುತ್ತಾರೆ?

ಕರ್ನಾಟಕದ ಗಡಿಗಂಟಿದ ಆಂಧ್ರದ ರಾಯದುರ್ಗದಲ್ಲಿರುವ ನಮಗೆ, ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಸೇರಿಸಲು ಮೊದಲ ತೊಡಕು ತಾರೀಖಿನದೇ. ಕರ್ನಾಟಕದಲ್ಲಿ ಏಪ್ರಿಲ್ ಎರಡನೇ ವಾರಕ್ಕೆಲ್ಲ ಶಾಲೆಗೆ ರಜೆ ಬಿಟ್ಟು ಬಳ್ಳಾರಿ, ತುಮಕೂರಿನಲ್ಲಿ ಬೇಸಿಗೆ ಶಿಬಿರಗಳು ಶುರುವಾಗಿರುತ್ತವೆ. ಆಗ ನಮ್ಮ ರಾಯದುರ್ಗದ ಮಕ್ಕಳು ಇನ್ನೂ ಒಂಟಿಪೂಟ ಶಾಲೆಗೆ, ಅಂದರೆ ಅರ್ಧ ದಿನದ ಶಾಲೆಗೆ, ಹೋಗುತ್ತಿರುತ್ತಾರೆ. ಆಂಧ್ರದ ರಜೆ ಏಪ್ರಿಲ್ 24ರ ಸುಮಾರಿಗೆ ಶುರುವಾಗಿ ಜೂನ್ 11ರ ಸುಮಾರಿನ ತನಕ ಇರುತ್ತದೆ. ಅಂದರೆ ಅಲ್ಲಿ ಸೀಟು ತುಂಬಿದ ಮೇಲೆ ನಾವು ಕೇಳಲು ಹೋಗುವುದು.

ನನ್ನ ಮಗನಿಗೆ ಆಟಿಸಂ. ಮನೆಮಾತು ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದು ನಾಲ್ಕೇ ಮಾತು. ಶಾಲೆ ನಡೆಯುವ ದಿನಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದು ಸರ್ಕಾರ ನಡೆಸುವ ಮಂಡಲದ ಭವಿತ ಕೇಂದ್ರಕ್ಕೆ ಕರೆದೊಯ್ಯುತ್ತೇನೆ. ರಜೆ ಬಂದರೆ ನಮ್ಮಲ್ಲಿ ಅದಕ್ಕೂ ಬೀಗ. ಅನಂತಪುರದಲ್ಲಿ ವಿನ್ಸೆಂಟ್ ಫೆರರ್ 1969ರಲ್ಲಿ ಕಟ್ಟಿದ ಆರ್‌ಡಿಟಿ ಸಂಸ್ಥೆ ಇಂಥ ಮಕ್ಕಳಿಗೆ ವಸತಿ ಶಾಲೆಗಳನ್ನು ನಡೆಸುತ್ತದೆ, ದೊಡ್ಡ ಕೆಲಸ. ಆದರೆ ರಾತ್ರಿ ನನ್ನನ್ನು ಬಿಟ್ಟು ಮಲಗದ ಮಗುವನ್ನು ತೆಲುಗು ಮಾತಿನ ನಡುವೆ ಬಿಡುವುದು ನನ್ನಿಂದಾಗಲಿಲ್ಲ. ಹಾಗಾಗಿ ಆರಿಸಿದ್ದು ಬಳ್ಳಾರಿ: ಅಲ್ಲಿ ಕನ್ನಡದ ಶಿಬಿರ, ಉಳಿಯಲು ಬಾವನವರ ಮನೆ.

ಬಾವನವರು ಮೊದಲೇ ಹೇಳಿದ್ದರು: “ಹುಡುಗನ ವಿಷಯ ಹೇಳಬೇಡಮ್ಮ, ಸ್ವಲ್ಪ ನಾಚಿಕೆ ಸ್ವಭಾವ ಅಂದ್ಬಿಡು. ಹೇಳಿದ್ರೆ ಸೇರಿಸ್ಕೊಳ್ಳಲ್ಲ.” ನಾನು ಕೇಳಲಿಲ್ಲ. ಅರ್ಜಿಯ ಹಿಂಬದಿಯಲ್ಲಿ ನನ್ನ ಕೈಯಾರೆ ಬರೆದೆ: ಜೋರು ಶಬ್ದಕ್ಕೆ ಹೆದರುತ್ತಾನೆ, ಹೇಳದೆ ಓಡಿಹೋಗುತ್ತಾನೆ, ಹೆಸರು ಹಿಡಿದು ಕೂಗಿದರೆ ಓಗೊಡುವುದಿಲ್ಲ. ವ್ಯವಸ್ಥಾಪಕರು “ಎಲ್ಲಾ ಮಕ್ಕಳೂ ನಮಗೆ ಒಂದೇ ಮೇಡಮ್” ಎಂದು ಫೀಸು ಎಣಿಸಿಕೊಂಡರು. ಜೊತೆಗೆ ಕೂರುತ್ತೇನೆ ಅಂದದ್ದಕ್ಕೆ ಮಾತ್ರ ಒಪ್ಪಲಿಲ್ಲ. ತಾಯಂದಿರು ಒಳಗಿದ್ದರೆ ಉಳಿದ ಮಕ್ಕಳೂ ಹಟ ಮಾಡುತ್ತಾರಂತೆ.

ಅವನು ಸೇರಿದ ವಾರದಲ್ಲೇ ನಾನು ಹೆದರಿದ್ದು ನಡೆಯಿತು. ಮಧ್ಯಾಹ್ನ ಬಿಡುವ ಹೊತ್ತಿಗೆ ಮುಂಚೆಯೇ ಹೋದೆ. ಬೀದಿಯ ತನಕ ಡೊಳ್ಳಿನ ಸದ್ದು. ಎದೆ ಧಸಕ್ಕೆಂದಿತು. ಹಾಲಿನ ಬಾಗಿಲಲ್ಲಿ ಮಗನ ಚಪ್ಪಲಿ ಇತ್ತು, ಒಳಗೆ ಅವನಿಲ್ಲ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ “ಇಲ್ಲೇ ಇದ್ದ ಅಕ್ಕಾ, ಕಿವಿ ಮುಚ್ಕೊಂಡು ಅಳ್ತಿದ್ದ” ಅಂದಳು. ಯಾವಾಗ ಎದ್ದುಹೋದ? ಅವಳಿಗೆ ಗೊತ್ತಿಲ್ಲ. ಗೇಟು ಹಾರುಹೊಡೆದಿತ್ತು.

ಶೌಚಾಲಯ ನೋಡಿದೆ, ವೇದಿಕೆಯ ಹಿಂದೆ ನೋಡಿದೆ. ಅಂಗಳದ ಸಂಪಿನ ಮುಚ್ಚಳ ಅರ್ಧ ಸರಿದಿತ್ತು. ಅದರೊಳಗೆ ಬಗ್ಗಿ ನೋಡಿದ ಆ ಗಳಿಗೆಯನ್ನು ಯಾವ ತಾಯಿಗೂ ದೇವರು ಕೊಡಬಾರದು. ಕತ್ತಲ ನೀರು, ಏನೂ ಕಾಣದು. ಯಾರೋ ಮೊಬೈಲ್ ಬೆಳಕು ಹಿಡಿದ ಮೇಲೆ ಬರೀ ನೀರು ಎಂದು ಗೊತ್ತಾಯಿತು. ರಸ್ತೆಗೆ ಓಡಿದೆ. ಒಂದೇ ಸಮನೆ ಲಾರಿಗಳು. ಬೇರೆ ಮಕ್ಕಳಾದರೆ ಕೂಗಿ ಕರೆಯಬಹುದು, ನನ್ನ ಮಗನನ್ನು ಕಣ್ಣಿಂದಲೇ ಹುಡುಕಬೇಕು.

ತಿರುವಿನ ಕಬ್ಬಿನ ಹಾಲಿನ ಗಾಡಿಯ ಬಳಿ ಸ್ಟೂಲಿನ ಮೇಲೆ ಕೂತಿದ್ದ. ತಿರುಗುವ ಗಾಲಿ ಕಂಡರೆ ಅವನಿಗೆ ಬೇರೇನೂ ಬೇಡ. ನಾನು ಜೀನ್ಸ್ ಹೊಲಿಯುವಾಗಲೂ ಮಿಷನ್ನಿನ ಚಕ್ರ ನೋಡುತ್ತ ಪಕ್ಕದಲ್ಲೇ ಇರುತ್ತಾನೆ. ಬರಿಗಾಲಲ್ಲಿ ಡಾಂಬರಿನ ಮೇಲೆ ನಡೆದು ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. “ಹೆಸರು ಕೇಳಿದೆ ತಾಯಿ, ಹೇಳಲಿಲ್ಲ. ಯಾರಾದ್ರೂ ಬರ್ತಾರೆ ಅಂತ ಕೂರಿಸ್ಕೊಂಡೆ” ಎಂದರು ಗಾಡಿಯವರು. ಅವರ ಋಣ ತೀರಿಸಲಾರೆ.

ವ್ಯವಸ್ಥಾಪಕರ ಮೊದಲ ಮಾತು: “ಇಂಥ ಹುಡುಗ ಅಂತ ಮೊದಲೇ ಹೇಳಬಾರದಿತ್ತೇನಮ್ಮ?” ಅರ್ಜಿ ತೆಗೆಸಿದೆ. ಅವರ ಮೇಜಿನ ಡ್ರಾಯರಿನಲ್ಲೇ ಇತ್ತು. ಹಿಂಬದಿ ತಿರುಗಿಸಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ಉತ್ತರ ಬರಲಿಲ್ಲ, ಫೀಸೂ ವಾಪಸು ಬರಲಿಲ್ಲ. ಮನೆಯಲ್ಲಿ ಬಾವನವರು “ನಾನು ಹೇಳಿರಲಿಲ್ವಾ, ಊರಲ್ಲೇ ಇಟ್ಕೋಬೇಕಿತ್ತು” ಅಂದರು. ಆ ಮಾತನ್ನು ನಾನಿನ್ನೂ ಕ್ಷಮಿಸಿಲ್ಲ. ಹೇಳಿದ್ದು ತಪ್ಪಲ್ಲ, ಓದದಿದ್ದದ್ದು ತಪ್ಪು.

ಕೊನೆಗೆ ಕೈಹಿಡಿದದ್ದು ತವರು ಮಡಕಶಿರಾ. ನಮ್ಮ ಬೀದಿಯ ನಿವೃತ್ತ ಕನ್ನಡ ಟೀಚರೊಬ್ಬರು ಬಿಸಿಲೇರುವ ಮುಂಚೆ ಬೀದಿಯ ಮಕ್ಕಳನ್ನೆಲ್ಲ ಸೇರಿಸಿ ಕಥೆ, ಮಣ್ಣಿನ ಗೊಂಬೆ, ಆಟ ಎಂದು ನಡೆಸುತ್ತಾರೆ. ಅವರು ಕೇಳಿದ್ದು “ಇವನಿಗೆ ಏನು ಇಷ್ಟ?” ಎಂದು. ಗಾಲಿ ಅಂದೆ. ಮರುದಿನ ಹಳೇ ಸೈಕಲ್ ಟೈರುಗಳು ಬಂದವು. ಒಬ್ಬ ದೊಡ್ಡ ಹುಡುಗಿಯನ್ನು ಅವನ ಜೊತೆಗೆ ಬಿಟ್ಟರು, ಗೇಟಿಗೆ ಚಿಲಕ ಹಾಕಿಸಿದರು, ಅವನು ಹೊಂದಿಕೊಳ್ಳುವ ತನಕ ನನ್ನನ್ನೂ ಜಗಲಿಯಲ್ಲಿ ಕೂರಲು ಬಿಟ್ಟರು. ಟೈರು ಓಡಿಸುವುದರಲ್ಲಿ ನನ್ನ ಮಗನೇ ಮುಂದೆ.

ಬೇರೆ ತಾಯಂದಿರಿಗೆ ಹೇಳುವುದಿಷ್ಟು. ಶಿಬಿರದಲ್ಲಿ ಏನೇನು ಕಲಿಸುತ್ತಾರೆ ಎಂದು ಆಮೇಲೆ ಕೇಳಿ. ಗೇಟಿನ ಹತ್ತಿರ ಯಾರಿರುತ್ತಾರೆ, ನನ್ನ ಮಗುವಿನ ಜೊತೆ ಯಾರಿರುತ್ತಾರೆ ಎಂದು ಮೊದಲು ಕೇಳಿ. ಬರೆದು ಕೊಟ್ಟದ್ದನ್ನು ನಿಮ್ಮೆದುರೇ ಓದಿಸಿ. ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ನಡೆಯುತ್ತದೆಯೇ ನೋಡಿ. ಅಂಗಿಯ ಒಳಗೆ ಫೋನ್ ನಂಬರು ಹೊಲಿಯಿರಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ ರಾಯದುರ್ಗ ಅನಂತಪುರದಲ್ಲೇ ಉಳಿದರೂ, ಗಡಿ ದಾಟಿದರೂ, ಆ ಕಾರ್ಡು ದೇಶವಿಡೀ ನಡೆಯುತ್ತದೆ. ಸರ್ಕಾರದ ಮಾನ್ಯತೆಯಿರುವ ಶಾಲೆಗಳು ಇಂಥ ಮಕ್ಕಳಿಗೆ ಆಟ, ಮನರಂಜನೆಯಲ್ಲಿ ಸಮಾನ ಅವಕಾಶ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಮಿನಲ್ಲೇ ಇದೆ. ಕೇಳುವುದಕ್ಕೆ ಹಿಂಜರಿಯಬೇಡಿ.

ಭವಿತ ಕೇಂದ್ರಗಳಲ್ಲಿ ಕೋಣೆಯಿದೆ, ಆಟದ ಸಾಮಾನಿದೆ, ಮಕ್ಕಳ ಸ್ವಭಾವ ಬಲ್ಲ ಟೀಚರಿದ್ದಾರೆ. ಮೇ ತಿಂಗಳಲ್ಲಿ ಬೆಳಗಿನ ಹೊತ್ತು ಎರಡು ಗಂಟೆ ಕಾಲ ಬಾಗಿಲು ತೆಗೆದರೆ ನಾವು ಗಡಿ ದಾಟಬೇಕಾಗಿಲ್ಲ. ಈ ಸಲ ಮಾರ್ಚ್‌ನಲ್ಲೇ ರಾಯದುರ್ಗ, ಮಡಕಶಿರಾ ಎರಡೂ ಊರಿನ ತಾಯಂದಿರು ಸೇರಿ ಅರ್ಜಿ ಕೊಡೋಣ. ಮೊದಲ ಸಹಿ ನನ್ನದು.