ಗಾಲಿಯ ಮೇಲಿನ ಮನೆಯೂ ಅದರ ಕಮಾನು ಪಟ್ಟಿಯೂ

ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ವಾಹನದೊಳಗೇ ಅಳವಡಿಸಿಕೊಂಡು ಊರೂರು ಸುತ್ತುವವರು ನಮ್ಮಲ್ಲಿಯೂ ಈಗ ಕಾಣಸಿಗುತ್ತಾರೆ. ರಜೆಯಲ್ಲಿ ಸೋದರಮಾವನವರ ಗ್ಯಾರೇಜಿನಲ್ಲಿ ಕೈಗೆಲಸಕ್ಕೆ ನಿಲ್ಲುವ ನಾನು, ಇಂತಹ ಕ್ಯಾಂಪರ್ ವ್ಯಾನುಗಳ ಒಡೆಯರು ಆಡುವ ಮೊದಲ ಮಾತನ್ನು ಬಲ್ಲೆ: "ಹಿಂದುಗಡೆ ಕೂತುಬಿಟ್ಟಿದೆ, ಇನ್ನೊಂದು ಪಟ್ಟಿ ಹಾಕಿ." ಈ ಬೇಡಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ವಿಚಾರಿಸಿದ್ದೇನೆ. ಕಲಾ ವಿಭಾಗದವನಿಗೆ ಇದೇಕೆಂದು ಅಧ್ಯಾಪಕರು ನಗಬಾರದಾಗಿ ಪ್ರಾರ್ಥನೆ.

ಲಾರಿಯು ಹೊರೆ ಇಳಿಸಿ ಬರಿದಾಗಿ ಮರಳುವುದುಂಟು. ಗಾಲಿಯ ಮೇಲಿನ ಮನೆಗಾದರೋ ಆ ಬಿಡುವಿಲ್ಲ. ನಿಂತಾಗಲೂ ಓಡುವಾಗಲೂ ಸಂಸಾರದ ಭಾರ ಕಮಾನು ಪಟ್ಟಿಗಳ ಮೇಲೆ ಇದ್ದೇ ಇರುತ್ತದೆ. ವರ್ಷಗಳು ಕಳೆದಂತೆ ಅವು ಬಾಗು ಕಳೆದುಕೊಂಡು ಚಪ್ಪಟೆಯಾಗುತ್ತವೆ. ಆದರೆ ಎಷ್ಟೋ ವೇಳೆ ದೋಷವಿರುವುದು ಪಟ್ಟಿಯಲ್ಲಲ್ಲ, ಭಾರವನ್ನು ಇಟ್ಟ ಜಾಗದಲ್ಲಿ. ಎರಡು ಆಕ್ಸಲುಗಳ ನಡುವೆ 3 ಮೀಟರ್ ಅಂತರವಿದ್ದು, ಹಿಂದಿನ ಆಕ್ಸಲಿಗಿಂತ 1.5 ಮೀಟರ್ ಹಿಂದಕ್ಕೆ 100 ಲೀಟರ್ ನೀರನ್ನು ಇಟ್ಟೆವೆನ್ನೋಣ. ನೀರಿನ ತೂಕ 100 ಕಿಲೋಗ್ರಾಂ. ಹಿಂದಿನ ಆಕ್ಸಲಿನ ಮೇಲೆ ಹೆಚ್ಚುವುದಾದರೋ 150, ಮುಂದಿನದರ ಮೇಲೆ ಕಡಮೆಯಾಗುವುದು 50! ನೀರೆತ್ತುವ ಏತದ ನ್ಯಾಯವೇ ಇಲ್ಲಿಯೂ. ಮುಂದಿನ ಗಾಲಿ ಹಗುರವಾದಷ್ಟೂ ಸ್ಟಿಯರಿಂಗು, ಬ್ರೇಕು ಎರಡರ ಹಿಡಿತವೂ ಸಡಿಲ. ತೊಟ್ಟಿಯನ್ನು ಆಕ್ಸಲುಗಳ ನಡುವೆ ತಂದರೆ ಪಟ್ಟಿಯ ಖರ್ಚೇ ಉಳಿದೀತು.

ಆದುದರಿಂದ ನೀರು, ಸಾಮಾನು, ಜನ ಎಲ್ಲವೂ ಇರುವಂತೆಯೇ ವೇಬ್ರಿಜ್ಜಿಗೆ ಒಯ್ದು, ಒಂದೊಂದು ಆಕ್ಸಲನ್ನೂ ಬೇರೆಯಾಗಿ ತೂಗಿಸಬೇಕು. ತಯಾರಕರು ಗೊತ್ತುಮಾಡಿದ ಮಿತಿ ಮೀರಿದ್ದರೆ ಸಾಮಾನು ಇಳಿಸದೆ ಗತಿಯಿಲ್ಲ. ಪಟ್ಟಿ ಸೇರಿಸಿದರೆ ವಾಹನ ಮೇಲೆದ್ದೀತು. ಆಕ್ಸಲ್, ಬೇರಿಂಗ್, ಟಯರುಗಳ ಶಕ್ತಿ ಹೆಚ್ಚದು. ಗಾಳಿಚೀಲ ಹಾಕಿಸುವವರಿಗೂ ಇದೇ ಮಾತು. ಮಾವನವರು ಹೀಗೆ ಹೇಳಿ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದಾರೆ.

ತೂಕ ಮಿತಿಯೊಳಗಿದ್ದೂ ಹಿಂಭಾಗ ಕೂತಿದ್ದರೆ ಪಟ್ಟಿ ಬದಲಾಯಿಸುವುದು ನ್ಯಾಯ. ಆದರೆ ಪಟ್ಟಿಯ ಬಿಗಿ ದಪ್ಪದ ಘನದಂತೆ ಏರುತ್ತದೆ. ಉದ್ದ ಅಗಲಗಳು ಒಂದೇ ಆಗಿದ್ದರೆ, 10 ಮಿಲಿಮೀಟರ್ ಪಟ್ಟಿಗಿಂತ 12 ಮಿಲಿಮೀಟರಿನದು ಸುಮಾರು 1.7 ಪಟ್ಟು ಬಿಗಿ. ಅತಿಯಾದರೆ ರಸ್ತೆಯ ಹಳ್ಳಗಳ ಹೊಡೆತ ಕಪಾಟಿಗೂ, ಗ್ಯಾಸಿನ ಕೊಳವೆಯ ಕೀಲುಗಳಿಗೂ ಮುಟ್ಟುತ್ತದೆ. ಒಳಗೆ ಮಲಗುವವರು ಇದನ್ನು ಅಲಕ್ಷಿಸುವಂತಿಲ್ಲ.

ಶಾಕ್ ಅಬ್ಸಾರ್ಬರಿನ ಕೆಲಸ ಭಾರ ಹೊರುವುದಲ್ಲ, ಪಟ್ಟಿಯ ಕುಣಿತವನ್ನು ಅಡಗಿಸುವುದು. ಎಣ್ಣೆ ಒಸರುತ್ತಿದ್ದರೆ ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಪಟ್ಟಿಯ ನಡುಬೋಲ್ಟಿನ ಬಳಿ ಬಿರುಕಿದೆಯೇ, ಬುಷ್ ಸವೆದಿದೆಯೇ ಎಂದು ದೂರದ ಪ್ರಯಾಣಕ್ಕೆ ಮುನ್ನ ನೋಡುವುದು ಕ್ಷೇಮ. ಹೊಸ ಪಟ್ಟಿ ಕೂರಿಸಿದಾಗ ಯು ಬೋಲ್ಟುಗಳೂ ಹೊಸವೇ ಇರಲಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅವುಗಳ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು.