ಮುದಿ ಹೆಣ್ಣು ನಾಯಿಯ ಗರ್ಭಕೋಶದ ಕೀವು

ಗೋವೆಯಲ್ಲಿ 2014ರಲ್ಲಿ ಮಿಷನ್ ರೇಬೀಸ್ ತಂಡಗಳು ಮನೆಮನೆಗೆ ಬಂದು ನಾಯಿಗಳಿಗೆ ಲಸಿಕೆ ಹಾಕತೊಡಗಿದ ಮೇಲೆ ಹುಚ್ಚುನಾಯಿ ರೋಗ ಬಹಳ ಇಳಿದಿದೆ. ಆದರೆ ಆ ಲಸಿಕೆಯಿಂದ ತಡೆಯಲಾಗದ ಇನ್ನೊಂದು ರೋಗವನ್ನು ನಾವು ತಿಳಿದಿರಬೇಕು.

ಹೆಣ್ಣು ನಾಯಿಗೆ ಮುದಿಯಾದರೂ ಬೆದೆ ನಿಲ್ಲುವುದಿಲ್ಲ. ಪ್ರತಿ ಬೆದೆಯ ನಂತರ, ಗರ್ಭ ನಿಲ್ಲದಿದ್ದರೂ, ಸುಮಾರು 2 ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸುತ್ತದೆ. ವರ್ಷಗಳು ಕಳೆದಂತೆ ಅಲ್ಲಿ ರೋಗಾಣು ಸೇರಿ ಕೀವು ತುಂಬಬಹುದು. ಇದೇ ಪಯೋಮೆಟ್ರಾ.

ಬೆದೆಯಾದ 2 ರಿಂದ 8 ವಾರಗಳಲ್ಲಿ ಈ ಲಕ್ಷಣಗಳನ್ನು ಗಮನಿಸೋಣ:

1. ಅತಿಯಾಗಿ ನೀರು ಕುಡಿಯುವುದು, ಪದೇ ಪದೇ ಮೂತ್ರ ಮಾಡುವುದು.
2. ಊಟ ಬಿಡುವುದು, ವಾಂತಿ, ಮಂಕುತನ.
3. ಹಿಂಬದಿಯಿಂದ ದುರ್ವಾಸನೆಯ ಸ್ರಾವ.
4. ಹೊಟ್ಟೆ ಉಬ್ಬುವುದು.

ಗರ್ಭಕೋಶದ ಬಾಯಿ ಮುಚ್ಚಿದ್ದರೆ ಸ್ರಾವ ಕಾಣದು. ಅದು ಇನ್ನೂ ಅಪಾಯಕರ. ಮುದಿತನವೆಂದು ಸುಮ್ಮನಿರದೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರ. ಬೆದೆ ತಡೆಯುವ ಹಾರ್ಮೋನು ಚುಚ್ಚುಮದ್ದು ಈ ರೋಗದ ಸಂಭವವನ್ನು ಹೆಚ್ಚಿಸುತ್ತದೆ. ಎಳೆಯ ವಯಸ್ಸಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ರೋಗದ ಭಯವಿಲ್ಲ. ಕೆಚ್ಚಲಿನ ಗಡ್ಡೆಗಳೂ ಕಡಿಮೆ.

ಪ್ರಾಣಿಗಳನ್ನು ವೃಥಾ ನರಳಿಸುವುದು ಮಾನವ ಘನತೆಗೆ ತಕ್ಕುದಲ್ಲವೆಂದು ಕಥೋಲಿಕ ಧರ್ಮೋಪದೇಶ ಗ್ರಂಥ (2418) ಕಲಿಸುತ್ತದೆ. ನಮ್ಮ ಅಂಗಳ ಕಾದ ಜೀವವನ್ನು ಅದರ ಮುಪ್ಪಿನಲ್ಲಿ ಕಾಯುವುದು ನಮ್ಮ ಕರ್ತವ್ಯ.